ಗಾಜಿನ ಗೋಡೆಯ ಜೇನುಪೆಟ್ಟಿಗೆ

ಇಂದೂ ಹಂಚಿನಾಳ ಪುಣೆಯ ಒಂದು ಖಾಸಗಿ ಪಾಲಿಟೆಕ್ನಿಕ್ಕಿನಲ್ಲಿ ಇಪ್ಪತ್ತೊಂಬತ್ತು ವರ್ಷ ಇಂಜಿನಿಯರಿಂಗ್ ಡ್ರಾಯಿಂಗ್ ಕಲಿಸಿದವಳು. ಹುಟ್ಟಿದ್ದು, ಓದಿದ್ದು ಧಾರವಾಡದಲ್ಲಿ. ಕೆಲಸಕ್ಕೆಂದು ಪುಣೆಗೆ ಬಂದವಳು ಅಲ್ಲಿನ ಧನಕವಡಿ ಬಡಾವಣೆಯಲ್ಲೇ ನಿಂತುಬಿಟ್ಟಳು. ಮದುವೆಯಾಗಲಿಲ್ಲ. ಆಗಬಹುದು ಅನ್ನಿಸಿದ್ದ ಒಂದೆರಡು ವರ್ಷ ದಾಟಿದ ಮೇಲೆ ಮನೆಯವರೂ ಆ ಮಾತು ಎತ್ತುವುದನ್ನು ಬಿಟ್ಟರು. ಮೂರಂತಸ್ತಿನ ಹಳೆಯ ವಸತಿ ಸೊಸೈಟಿಯ ಮೇಲಿನ ಮಹಡಿಯಲ್ಲಿ ಅವಳ ಮನೆ. ಟೆರೇಸಿನ ಕುಂಡಗಳಿಗೆ ನೀರು ಹಾಕುವವಳು ಅವಳೊಬ್ಬಳೇ ಆದ್ದರಿಂದ ಅದರ ಕೀಲಿಯೂ ಅವಳ ಹತ್ತಿರವೇ ಇರುತ್ತಿತ್ತು.

ಅವಧೂತ ಬಡಿಗೇರ ಅದೇ ಪಾಲಿಟೆಕ್ನಿಕ್ಕಿನ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದ. ಖಾನಾಪುರದ ಕಡೆಯವನು, ಅವಳಿಗಿಂತ ಮೂರು ವರ್ಷಕ್ಕೆ ಚಿಕ್ಕವನು. ಶಂಕುವನ್ನು ಓರೆಯಾಗಿ ಕತ್ತರಿಸಿದರೆ ಒಳಗಿನ ಆಕಾರ ಹೇಗೆ ಕಾಣುತ್ತದೆ ಎಂದು ಬೋರ್ಡಿನ ಮೇಲೆ ಎಷ್ಟು ತಿದ್ದಿ ತೋರಿಸಿದರೂ ಹುಡುಗರಿಗೆ ತಿಳಿಯುತ್ತಿರಲಿಲ್ಲ. ಆಗ ಇಂದೂ ಒಂದು ಚಿತ್ರ ಬರೆದು ಅವನಿಗೆ ಕಳಿಸುವಳು. ಎರಡು ದಿನಕ್ಕೆ ಸಾಗುವಾನಿಯ ಶಂಕು ಬರುವುದು, ಸರಿಯಾಗಿ ಅವಳು ಹೇಳಿದ ಓರೆಯಲ್ಲಿ ಎರಡು ಭಾಗವಾಗಿ, ಮತ್ತೆ ಜೋಡಿಸಿದರೆ ಗೆರೆಯೂ ಕಾಣದಂತೆ. ಅಂಥ ಮರದ ಮಾದರಿಗಳು ಅವಳ ಕ್ಲಾಸಿನ ಕಪಾಟಿನಲ್ಲಿ ನಲವತ್ತಕ್ಕೂ ಹೆಚ್ಚು ಇದ್ದವು.

ಕಂಪ್ಯೂಟರು ಬಂದು ಡ್ರಾಯಿಂಗ್ ಹಾಲಿನ ಹಲಗೆಗಳನ್ನೆಲ್ಲ ಸ್ಟೋರಿಗೆ ಹಾಕಿದ ವರ್ಷ ಬಡಗಿಯ ಹುದ್ದೆಯನ್ನೂ ತೆಗೆದರು. ಅವಧೂತ ಕೊಂಢವಾದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು ಬಾಗಿಲು, ಕಿಟಕಿ ಮಾಡತೊಡಗಿದ. ಇಂದೂ ಒಮ್ಮೆ ಪುಸ್ತಕದ ಕಪಾಟು ಮಾಡಿಸಲು ಹೋದಾಗ ಶೆಡ್ಡಿನ ಹಿಂದೆ ಜೇನುಪೆಟ್ಟಿಗೆ ಕಂಡಿತು. ಪ್ಯಾಕಿಂಗ್ ಮರದ ತುಂಡುಗಳನ್ನು ಜೋಡಿಸಿ ಮಾಡಿದ್ದು. ಮೂರು ಕಡೆ ಮೂರು ಬಣ್ಣ, ಮೇಲೆ ಗೋಣಿಚೀಲ, ಅದರ ಮೇಲೆ ಎಣ್ಣೆ ಡಬ್ಬಿಯ ತಗಡು, ತಗಡಿನ ಮೇಲೊಂದು ಇಟ್ಟಿಗೆ.

"ಇದರೊಳಗ ಹುಳ ಇರತಾವೇನ್ರಿ?" ಎಂದು ಕೇಳಿದ್ದಳು.

"ಒಂಬತ್ತು ವರ್ಷ ಆತ್ರಿ ಬಾಯಾರ. ಅದ ಸಂಸಾರ ನಡದದ. ರಾಣಿ ಬದಲಾಗ್ಯಾವ, ಮನಿ ಬದಲಾಗಿಲ್ಲ."

ಆ ಶೆಡ್ಡಿನ ಜಾಗದ ಮಾಲೀಕ ಹೋದ ನವೆಂಬರಿನಲ್ಲಿ ಜಾಗವನ್ನು ಬಿಲ್ಡರನಿಗೆ ಕೊಟ್ಟ. ಅವಧೂತ ತನ್ನ ಹತ್ಯಾರಗಳನ್ನು ಯಾರದೋ ಗೋದಾಮಿನಲ್ಲಿಟ್ಟು, ಕಟ್ಟಡಗಳಲ್ಲಿ ಬಾಗಿಲು ಕೂಡಿಸುವ ಕೆಲಸಕ್ಕೆ ಹೋಗತೊಡಗಿದ. ಹುಳಗಳನ್ನು ಎಲ್ಲಿಡುವುದು ಎಂದು ಯೋಚಿಸುತ್ತಿದ್ದಾಗ ಇಂದೂ ತಾನಾಗಿಯೇ ಹೇಳಿದಳು: "ನಮ್ಮ ಟೆರೇಸ್ ಖಾಲೀನ ಅದ. ತಂದಿಡ್ರಿ."

ಸಂಜೆ ಹುಳಗಳೆಲ್ಲ ಒಳಗೆ ಸೇರಿದ ಮೇಲೆ ಬಾಗಿಲಿಗೆ ಬಟ್ಟೆ ಕಟ್ಟಿ, ಪೆಟ್ಟಿಗೆಯನ್ನು ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಅವನು ಬಂದ. ನೀರಿನ ಟಾಕಿಯ ನೆರಳಿನಲ್ಲಿ, ಪೂರ್ವಕ್ಕೆ ಬಾಗಿಲು ಮಾಡಿ ಇಟ್ಟ.

ಆಮೇಲೆ ಪ್ರತಿ ರವಿವಾರ ಬರುತ್ತಿದ್ದ. ತಗಡು ತೆಗೆದು, ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ಅವಳಿಗೆ ತೋರಿಸುತ್ತಿದ್ದ. ಇದು ರಾಣಿಯ ಮೊಟ್ಟೆ, ಇದು ಮುಚ್ಚಿದ ಮರಿ, ಇದು ಪರಾಗ. ಚೌಕಟ್ಟಿನಲ್ಲಿ ಹುಳಗಳು ಕಟ್ಟಿದ ಮೇಣದ ಎರಿಗಳ ನಡುವೆ ತನ್ನ ಪೆನ್ಸಿಲನ್ನು ಅಡ್ಡಲಾಗಿ ಆಡಿಸಿ ಹೇಳುತ್ತಿದ್ದ: "ಇಷ್ಟ ಸಂದು ಇರಬೇಕ್ರಿ. ಪೆನ್ಸಿಲ್ ಆಡಬೇಕು, ಬೆರಳ ಆಡಬಾರದು."

ಇಂದೂಗೆ ಆ ರವಿವಾರಗಳು ಬಹಳ ಹಿಡಿಸಿದವು. ನಿವೃತ್ತಿಯಾಗಿ ಒಂದೂವರೆ ವರ್ಷವಾಗಿತ್ತು. ಕೈಗೆ ಕೆಲಸವಿಲ್ಲದೆ ಬೆಳಗುಗಳು ಉದ್ದವಾಗಿದ್ದವು. ಪಾಲಿಟೆಕ್ನಿಕ್ಕು ಮಾರಿದ ಹಳೆಯ ಡ್ರಾಯಿಂಗ್ ಹಲಗೆಯೊಂದನ್ನು ಅವಳು ಮನೆಗೆ ತಂದಿಟ್ಟುಕೊಂಡಿದ್ದಳು. ಅದರ ಮೇಲೆ ಇಸ್ತ್ರಿ ಮಾಡಬೇಕಾದ ಬಟ್ಟೆ ಬೀಳುತ್ತಿದ್ದವು. ಡಿಸೆಂಬರಿನ ಒಂದು ದಿನ ಬಟ್ಟೆ ಸರಿಸಿ, ಹಾಳೆ ಅಂಟಿಸಿ, ಪೆನ್ಸಿಲ್ ಮಸೆದು ಕೂತಳು.

ಆ ಕುರೂಪದ ಪೆಟ್ಟಿಗೆಯ ಬದಲು ಒಂದು ಒಳ್ಳೆಯ ಪೆಟ್ಟಿಗೆ. ಒಂದು ಕಡೆ ಪೂರ್ತಿ ಗಾಜು, ತೆರೆಯದೆಯೇ ಒಳಗಿನದೆಲ್ಲ ಕಾಣಬೇಕು. ಹತ್ತು ದೊಡ್ಡ ಚೌಕಟ್ಟು. ತೆಳ್ಳಗಿನ ಪ್ಲೈವುಡ್, ಬಿಳಿ ಬಣ್ಣ, ಹಗುರ. ಗಾಳಿ ಆಡಲು ಕೆಳಗೆ ಜಾಳಿಗೆ. ಅಳತೆಗಳನ್ನು ಇಂಟರ್ನೆಟ್ಟಿನಲ್ಲಿ ಸಿಕ್ಕ ಹೊರದೇಶದ ಚಿತ್ರವೊಂದರಿಂದ ತೆಗೆದುಕೊಂಡಳು. ಹನ್ನೊಂದು ದಿನ ಬರೆದಳು. ಮೇಲಿನ ನೋಟ, ಮುಂದಿನ ನೋಟ, ಕತ್ತರಿಸಿದ ನೋಟ. ಮೂಲೆಯಲ್ಲಿ ತನ್ನ ಹೆಸರು ಬರೆದಾಗ ಅವಳಿಗೆ ಒಂದು ಸಂಗತಿ ಹೊಳೆಯಿತು. ಇಷ್ಟು ವರ್ಷ ಪುಸ್ತಕದಲ್ಲಿದ್ದ ಯಂತ್ರಗಳ ಭಾಗಗಳನ್ನೇ ಬರೆಯಿಸಿದ್ದಳು. ತಾನೇ ಯೋಚಿಸಿ ಬರೆದ ಒಂದು ವಸ್ತುವೂ ಲೋಕದಲ್ಲಿ ತಯಾರಾಗಿರಲಿಲ್ಲ.

ಸಂಕ್ರಾಂತಿಯ ಹಿಂದಿನ ರವಿವಾರ ಹಾಳೆಯನ್ನು ಟೆರೇಸಿಗೆ ತಂದು ತೋರಿಸಿದಳು. ಅಂದು ಅವಳ ಹಳೆಯ ವಿದ್ಯಾರ್ಥಿ ಸಾತ್ವಿಕನೂ ಬಂದಿದ್ದ. ಅವನು ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೊಯ್ಯುವ ಮಶಿನ್ ಇಟ್ಟುಕೊಂಡವನು, ಪೆಟ್ಟಿಗೆ ಮಾಡಿಕೊಡಲು ಒಪ್ಪಿದ್ದ. ಪಕ್ಕದ ಮನೆಯ ಸುಲಭಾ ಒಣಗಿದ ಬಟ್ಟೆ ತೆಗೆಯಲು ಬಂದವಳು ಅಲ್ಲೇ ನಿಂತಿದ್ದಳು.

ಅವಧೂತ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ.

"ಚಿತ್ರ ಭಾಳ ಚೆಂದದ್ರಿ ಬಾಯಾರ. ಆದ್ರ ಇದು ನಮ್ಮ ಹುಳದ ಮನಿ ಅಲ್ರಿ. ಇದು ಇಟಾಲಿಯನ್ ಹುಳದ ಅಳತಿ. ಅವು ದೊಡ್ಡವು, ಮಂದೀನೂ ಭಾಳ. ನಮ್ಮ ಈ ಸಾತೇರಿ ಹುಳ ಸಣ್ಣ ಸಂಸಾರದ್ದು. ಇಷ್ಟ ದೊಡ್ಡ ಮನಿ ಅವಕ್ಕ ಬೆಚ್ಚಗ ಇಟಗೊಳ್ಳಾಕ ಆಗೂದಿಲ್ಲ."

"ಜಾಗಾ ಹೆಚ್ಚಿದ್ರ ಹುಳಾನೂ ಹೆಚ್ಚಾಗತಾವ," ಎಂದಳು ಇಂದೂ.

"ಇಲ್ರಿ. ಹುಳ ಹೆಚ್ಚಾದ ಮ್ಯಾಲೆ ಜಾಗಾ ಕೊಡಬೇಕು. ಮತ್ತ ಈ ಗಾಜು, ಥಂಡಿಯೊಳಗ ಥಂಡಿ, ಬಿಸಲಾಗ ಬಿಸಲು. ಸಂದೂ ನೋಡ್ರಿ, ಹತ್ತು ಮಿಲಿಮೀಟರ್ ಬರದೀರಿ. ಎಂಟು ದಾಟಬಾರದು. ಎಂಟಿದ್ರ ಅವು ಅದನ್ನ ಓಣಿ ಅಂತ ಬಿಡತಾವ. ದಾಟಿದ್ರ ಖಾಲಿ ಜಾಗಾ ಅಂತ ತಿಳಕೊಂಡು ಮೇಣ ಕಟ್ಟತಾವ."

"ಎರಡು ಮಿಲಿಮೀಟರಿಗೆ?"

ಅರ್ಧ ಮಿಲಿಮೀಟರು ತಪ್ಪಿದರೆ ಹುಡುಗರ ಮಾರ್ಕು ಕಡಿಯುತ್ತಿದ್ದ ಇಂದೂ ನಕ್ಕಳು. ಸಾತ್ವಿಕನೂ ನಕ್ಕ. ಅವಧೂತ ನಗಲಿಲ್ಲ. ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಮೂವತ್ತೈದು ಅಂದೀರಿ, ಒಂದು ಎರಿ ನಡುವಿಂದ ಇನ್ನೊಂದು ಎರಿ ನಡುವಿಗೆ. ನಮ್ಮ ಹುಳಕ್ಕ ಮೂವತ್ತೊಂದು ಸಾಕ್ರಿ," ಎಂದ.

ತಪ್ಪನ್ನು ಬೆರಳಿಟ್ಟು ತೋರಿಸುವುದು ಅವಳ ಕೆಲಸವಾಗಿತ್ತು. ತನ್ನ ಹಾಳೆಯ ಮೇಲೆ ಇನ್ನೊಬ್ಬರ ಬೆರಳು ಕಂಡು ಅವಳಿಗೆ ಏನಾಯಿತೋ, ಬಾಯಿಂದ ಮಾತು ಹೊರಬಿತ್ತು.

"ಬಡಿಗೇರ, ಇಷ್ಟು ವರ್ಷ ನಾ ಕೊಟ್ಟ ಅಳತಿಗೆ ಕೊಯ್ದು ಕೊಡೂದು ನಿಮ್ಮ ಕೆಲಸ ಆಗಿತ್ತು. ಈಗ ನನಗ ಅಳತಿ ಕಲಸ್ತೀರೇನು?"

ಸುಲಭಾಗೆ ಕನ್ನಡ ಬರುತ್ತಿರಲಿಲ್ಲ. ಆದರೂ ದನಿಯಿಂದಲೇ ತಿಳಿದು ಅವಳು ಬಟ್ಟೆಯ ಬುಟ್ಟಿ ಎತ್ತಿಕೊಂಡು ಕೆಳಗೆ ಹೋದಳು. ಅವಧೂತ ಹಾಳೆಯನ್ನು ನಿಧಾನವಾಗಿ ಸುರುಳಿ ಸುತ್ತಿ ಇಂದೂಳ ಕೈಗೆ ಕೊಟ್ಟ.

"ಆತ್ರಿ ಬಾಯಾರ," ಎಂದ.

ಸಂಕ್ರಾಂತಿ ಮುಗಿದ ವಾರ ಅವನ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಊರಿಗೆ ಹೊರಡುವ ಮೊದಲು ಅವಧೂತ ಟೆರೇಸಿಗೆ ಬಂದು ಹುಳಗಳನ್ನು ನೋಡಿದ. ಇಂದೂ ಚಹಾ ಕೊಟ್ಟಳು. ಆ ರವಿವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. "ತಾಟಿನ್ಯಾಗ ನೀರು ಇಡ್ರಿ, ಬ್ಯಾರೆ ಏನೂ ಬ್ಯಾಡ," ಎಂದಷ್ಟೇ ಹೇಳಿದ. ಹೊಸ ಪೆಟ್ಟಿಗೆಗೆ ಹಾಕಬೇಡಿ ಎಂದು ಅವನು ಹೇಳಲಿಲ್ಲ. ಹಾಕುವುದಿಲ್ಲ ಎಂದು ಅವಳೂ ಹೇಳಲಿಲ್ಲ.

ಜನವರಿಯ ಕೊನೆಯಲ್ಲಿ ಸಾತ್ವಿಕ ಪೆಟ್ಟಿಗೆ ತಂದ. ಚಿತ್ರದಲ್ಲಿದ್ದಂತೆಯೇ ಇತ್ತು, ಕೂದಲೆಳೆಯ ವ್ಯತ್ಯಾಸವಿಲ್ಲ. ಮೂಲೆಗಳು ಎಷ್ಟು ಸರಿಯಾಗಿ ಕೂಡಿದ್ದವೆಂದರೆ ಇಂದೂ ಅವುಗಳ ಮೇಲೆ ಮತ್ತೆ ಮತ್ತೆ ಬೆರಳಾಡಿಸಿದಳು. ಮರುದಿನ ಮಧ್ಯಾಹ್ನ, ಮೊಬೈಲಿನಲ್ಲಿ ನೋಡಿ ಕಲಿತಂತೆ, ತೆಂಗಿನ ನಾರಿನ ಹೊಗೆ ಹಾಕಿ, ಹಳೆಯ ಎರಿಗಳನ್ನು ಚಾಕುವಿನಿಂದ ಬಿಡಿಸಿ, ಹೊಸ ಚೌಕಟ್ಟುಗಳಿಗೆ ಬಾಳೆನಾರಿನಿಂದ ಕಟ್ಟಿದಳು. ಸಾತ್ವಿಕ ದೂರ ನಿಂತು ವಿಡಿಯೋ ತೆಗೆದ. ಅವಳಿಗೆ ಏಳು ಕಡೆ ಕಚ್ಚಿದವು. ರಾಣಿ ಹೊಸ ಪೆಟ್ಟಿಗೆಯೊಳಗೆ ಇಳಿದದ್ದನ್ನು ಗಾಜಿನಲ್ಲಿ ಕಂಡಾಗ ಆ ಉರಿಯೆಲ್ಲ ಮರೆತುಹೋಯಿತು.

ಮೂರು ವಾರ ಅವಳು ಸುಖವಾಗಿದ್ದಳು. ಇದನ್ನು ಆಮೇಲೆ ಅವಳೇ ಒಪ್ಪಿಕೊಂಡಿದ್ದಾಳೆ. ನುಗ್ಗೆ ಹೂ ಬಿಟ್ಟಿತ್ತು. ಹುಳಗಳು ಕಾಲಿಗೆ ಪರಾಗ ಮೆತ್ತಿಕೊಂಡು ಬರುತ್ತಿದ್ದವು. ಸೊಸೈಟಿಯವರು ಸಂಜೆ ಮೇಲೆ ಬಂದು ಗಾಜಿಗೆ ಮುಖವಿಟ್ಟು ನೋಡುತ್ತಿದ್ದರು. "ಇಂದೂತಾಈ, ಪೇಟಿ ಕಿತೀ ಛಾನ್ ಆಹೆ!" ಎಂದು ಸುಲಭಾ ಮರಾಠಿಯಲ್ಲಿ ಹೊಗಳಿದಳು. ಹಳೆಯ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿತ್ತು. ಸೊಸೈಟಿಯಲ್ಲಿ ಹಳೇ ಸಾಮಾನು ಒಯ್ಯುವವನು ಬಂದ ದಿನ ಇಂದೂ ಅದನ್ನೂ ಕೊಟ್ಟುಬಿಟ್ಟಳು.

ಮೊದಲು ಅವಳಿಗೆ ಕಂಡದ್ದು ಹುಳಗಳು ಗಾಜಿನ ಕಡೆಗೆ ಬರುತ್ತಿಲ್ಲ ಎಂಬುದು. ಬೆಳಗಿನ ಚಳಿಗೆ ಅವು ಪೆಟ್ಟಿಗೆಯ ಇನ್ನೊಂದು ಮೂಲೆಯಲ್ಲಿ ಮುದ್ದೆಯಾಗಿ ಕೂತಿರುತ್ತಿದ್ದವು. ಗಾಜಿನ ಪಕ್ಕದ ಎರಿಯಲ್ಲಿದ್ದ ಮರಿಗಳ ಮೇಲೆ ಒಂದೂ ಹುಳವಿರಲಿಲ್ಲ. ಎರಡು ದಿನಕ್ಕೆ ಕೆಲಸದ ಹುಳಗಳು ಸತ್ತ ಬಿಳಿ ಮರಿಗಳನ್ನು ಎಳೆದು ತಂದು ಬಾಗಿಲಲ್ಲಿ ಹಾಕತೊಡಗಿದವು. ಆಮೇಲೆ ಚೌಕಟ್ಟುಗಳ ನಡುವಿನ ಸಂದಿಯಲ್ಲಿ ಬಿಳಿ ಮೇಣದ ಗೋಡೆಗಳು ಎದ್ದವು. ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ, ಅಲ್ಲಿಂದ ಪೆಟ್ಟಿಗೆಯ ಗೋಡೆಗೆ ಸೇತುವೆ ಕಟ್ಟಿದಂತೆ. ಒಂದನ್ನು ಎತ್ತಲು ಹೋದರೆ ಮೂರು ಎದ್ದು ಬರುತ್ತಿದ್ದವು. ಎರಿ ಹರಿದು ಜೇನು ಸುರಿಯಿತು. ಇಂದೂ ಆ ಮೇಣವನ್ನೆಲ್ಲ ಚಾಕುವಿನಿಂದ ಕೆರೆದು ತೆಗೆದಳು. ನಾಲ್ಕು ದಿನಕ್ಕೆ ಅವು ಮತ್ತೆ ಕಟ್ಟಿದವು. ಅವಳು ಮತ್ತೆ ಕೆರೆದಳು.

ಆ ವಾರವೇ ಅವಧೂತನ ಫೋನು ಬಂತು.

"ಹುಳ ಹೆಂಗದಾವ್ರಿ ಬಾಯಾರ?"

ಹಿಂದೆ ಆಸ್ಪತ್ರೆಯ ಗದ್ದಲ ಕೇಳುತ್ತಿತ್ತು.

"ಆರಾಮದಾವ್ರಿ," ಎಂದಳು. "ನಿಮ್ಮ ಅಣ್ಣಾವ್ರು?"

ಅವನಿಗೆ ಅವನ ಕಷ್ಟವೇ ಸಾಕಷ್ಟಿದೆ, ಇದನ್ನೇಕೆ ಹೇಳಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಶಿವರಾತ್ರಿಯ ಹೊತ್ತಿಗೆ ಅವನು ಮತ್ತೆ ಫೋನು ಮಾಡಿದಾಗ ಹುಳಗಳು ಅರ್ಧಕ್ಕೆ ಇಳಿದಿದ್ದವು. ಯಾವ ಹುಳವೂ ಕಾಯದ ಕೊನೆಯ ಎರಡು ಎರಿಗಳಲ್ಲಿ ಪತಂಗದ ಮರಿಗಳು ಸೇರಿ ಬಲೆ ನೇಯ್ದಿದ್ದವು. ಆಗಲೂ "ಆರಾಮದಾವ" ಎಂದಳು. ಯುಗಾದಿಗೆ ಮೂರನೆಯ ಸಲ ಮಾಡಿದ. ಅಷ್ಟರಲ್ಲಿ ಬಿಸಿಲು ಮೂವತ್ತೆಂಟಕ್ಕೆ ಏರಿತ್ತು. ಮಧ್ಯಾಹ್ನವಾದರೆ ಟಾಕಿಯ ನೆರಳು ಸರಿದು ಗಾಜಿನ ಮೇಲೆ ಬಿಸಿಲು ಬೀಳುತ್ತಿತ್ತು. ತೆಳ್ಳಗಿನ ಪ್ಲೈವುಡ್ಡು ಮುಟ್ಟಿದರೆ ಸುಡುತ್ತಿತ್ತು. ಹೊಸ ಮೇಣ ಮೆತ್ತಗಾಗಿ ಒಂದು ಎರಿ ಮರಿಗಳ ಸಮೇತ ಕಳಚಿ ಜಾಳಿಗೆಯ ಮೇಲೆ ಬಿದ್ದಿತ್ತು. ಅವಳು ಹಸಿ ಗೋಣಿಚೀಲ ಹೊದಿಸಿ, ತಾಸಿಗೊಮ್ಮೆ ನೀರು ಚಿಮುಕಿಸುತ್ತಿದ್ದಳು.

"ಹೂವಿನ ಕಾಲ ಅದ, ಈ ಸಲ ಜೋರಾಗಿರಬೇಕಲ್ರಿ?" ಎಂದು ಅವಧೂತ ಕೇಳಿದ. ದನಿಯಲ್ಲಿ ಬಹಳ ದಿನದ ಮೇಲೆ ಹುರುಪಿತ್ತು. ಅಣ್ಣ ಕೋಲು ಹಿಡಿದು ನಾಲ್ಕು ಹೆಜ್ಜೆ ನಡೆದಿದ್ದನಂತೆ.

"ಹೂಂ, ಆರಾಮದಾವ್ರಿ. ನೀವು ಇಲ್ಲೀದು ಏನೂ ಚಿಂತಿ ಮಾಡಬ್ಯಾಡ್ರಿ."

ಯುಗಾದಿ ಕಳೆದ ನಾಲ್ಕನೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಅವಳು ನೀರಿನ ಬಕೆಟ್ಟು ಹಿಡಿದು ಮೇಲೆ ಬಂದಾಗ ಪೆಟ್ಟಿಗೆಯ ಬಾಗಿಲಿಂದ ಹುಳಗಳು ಸುರಿಯುತ್ತಿದ್ದವು. ಒಂದರ ಮೇಲೊಂದು ಬಿದ್ದು, ಎದ್ದು, ಹಾರಿ, ಟೆರೇಸಿನ ಮೇಲೆ ದುಂಡಗೆ ಸುತ್ತುತ್ತಿದ್ದವು. ಗಾಜಿನಲ್ಲಿ ಬಗ್ಗಿ ನೋಡಿದಳು. ಎರಿಗಳಲ್ಲಿ ಜೇನಿಲ್ಲ, ಮೊಟ್ಟೆಯಿಲ್ಲ. ಅವು ಹೊರಡಲು ಎಷ್ಟೋ ದಿನದಿಂದ ಸಿದ್ಧವಾಗುತ್ತಿದ್ದವು, ಅವಳಿಗೆ ತಿಳಿದಿರಲಿಲ್ಲ.

ಹುಳಗಳು ಗೇಟಿನ ಪಕ್ಕದ ಗುಲ್ಮೊಹರಿನ ಕೊಂಬೆಗೆ ಹೋಗಿ ಗುಂಪುಗಟ್ಟಿದವು. ಒಂದು ದೊಡ್ಡ ಮಾವಿನಕಾಯಿಯಷ್ಟಿತ್ತು ಆ ಗುಂಪು. ನವೆಂಬರಿನಲ್ಲಿ ಆ ಸಂಸಾರ ಪೆಟ್ಟಿಗೆಯ ತುಂಬ ಇತ್ತು.

ಆಗ ಇಂದೂ ಅವಧೂತನಿಗೆ ಫೋನು ಮಾಡಿದಳು.

"ಬಡಿಗೇರ, ಹುಳ ಹೊಂಟಾವ. ಗಿಡದ ಮ್ಯಾಲೆ ಕೂತಾವ."

"ಯಾಕ್ರಿ? ಏನಾತು?"

"ನಾ ಹೊಸಾ ಪೆಟ್ಟಿಗಿಗೆ ಹಾಕಿದ್ದೆ. ಜನವರಿಯೊಳಗ. ಭಾಳ ಸತ್ತಾವ. ನಿಮಗ ಸುಳ್ಳ ಹೇಳಿದೆ."

ಫೋನು ಕಟ್ಟಾಯಿತೇನೋ ಎಂದು ಅವಳು ಕಿವಿಯಿಂದ ತೆಗೆದು ನೋಡಿದಳು. ಆಮೇಲೆ ಅವನ ದನಿ ಬಂತು. ಕೆಲಸ ಹೇಳುವವನ ದನಿ, ಅಷ್ಟೇ.

"ಹಳೀ ಪೆಟ್ಟಿಗಿ ತಗೊಂಡು ಕೆಳಗ ಹೋಗ್ರಿ. ಗುಂಪಿನ ಮ್ಯಾಲೆ ಹಿಡದು ನಿಂತ್ರ ತಾವಾಗೇ ಹತ್ತತಾವ. ಆ ವಾಸನಿ ಅವಕ್ಕ ಗೊತ್ತದ."

"ಪೆಟ್ಟಿಗಿ ಇಲ್ರಿ. ಹಳೇ ಸಾಮಾನಿನಾಂವಗ ಕೊಟ್ಟೆ."

"ಮಣ್ಣಿನ ಗಡಿಗಿ ಅದ ಏನ್ರಿ? ಸಣ್ಣದು?"

"ಅದ."

"ಒಳಗ ಮೇಣ ತಿಕ್ಕ್ರಿ. ಹಳೀ ಎರಿದು, ಕರೀದು ಇರತದಲ್ಲ, ಅದು. ಲಗೂ ಮಾಡ್ರಿ ಬಾಯಾರ, ಅವು ಭಾಳ ಹೊತ್ತು ಕೂಡೂದಿಲ್ಲ."

ಅವಳು ಮೇಣ ತಿಕ್ಕಿದ ಗಡಿಗೆ ಹಿಡಿದು ಮೂರು ಮಹಡಿ ಇಳಿದಳು. ವಾಚ್‌ಮನ್ ಏಣಿ ಹಿಡಿದ. ಐವತ್ತೊಂಬತ್ತರ ಇಂದೂ ಏಣಿ ಹತ್ತಿ, ಗಡಿಗೆಯನ್ನು ಬೋರಲು ಮಾಡಿ ಗುಂಪಿನ ಮೇಲೆ ಹಿಡಿದು ನಿಂತಳು. ಹುಳಗಳು ಮೆಲ್ಲಗೆ ಮೇಲೆ ಹತ್ತತೊಡಗಿದವು. ಮೊದಲು ಹತ್ತು, ಆಮೇಲೆ ನೂರು. ಕೆಳಗೆ ನಿಂತ ಸುಲಭಾ ಫೋನಿನಲ್ಲಿ ಅವಧೂತನಿಗೆ ಮರಾಠಿಯಲ್ಲಿ ಹೇಳುತ್ತಿದ್ದಳು: ಹತ್ತುತ್ತಿವೆ, ಅರ್ಧ ಹತ್ತಿವೆ. ಅಷ್ಟರಲ್ಲಿ ಏನಾಯಿತೋ ತಿಳಿಯದು. ಗಡಿಗೆ ಅವುಗಳಿಗೆ ಒಗ್ಗಲಿಲ್ಲವೋ, ರಾಣಿ ಹತ್ತಲಿಲ್ಲವೋ, ಒಳಗಿದ್ದವೂ ಹೊರಗಿದ್ದವೂ ಒಟ್ಟಿಗೆ ಎದ್ದವು. ಒಂದು ಕ್ಷಣ ಅವಳ ತಲೆಯ ಸುತ್ತ ಸುತ್ತಿ, ಕಾತ್ರಜದ ಗುಡ್ಡದ ಕಡೆಗೆ ಹೋದವು. ಒಂದೂ ಅವಳನ್ನು ಕಚ್ಚಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಅವಧೂತ ಪುಣೆಗೆ ಬಂದ. ಅಣ್ಣನ ಹೊಲ ನೋಡುವವರಿಲ್ಲದ್ದರಿಂದ ಅವನು ಊರಲ್ಲೇ ಉಳಿಯುವುದೆಂದು ಆಗಿತ್ತು. ಹತ್ಯಾರಗಳನ್ನು ಒಯ್ಯಲು ಬಂದವನು ಎರಡನೆಯ ದಿನ ಧನಕವಡಿಗೆ ಬಂದು, "ಪೆಟ್ಟಿಗಿ ನೋಡೋಣ್ರಿ," ಎಂದ.

ಇಂದೂ ಅದನ್ನು ಮುಟ್ಟದೆ ಹಾಗೆಯೇ ಬಿಟ್ಟಿದ್ದಳು. ಅವಧೂತ ಮುಚ್ಚಳ ತೆಗೆದು ಒಳಗೆ ಕೈಯಿಟ್ಟ. ಪತಂಗದ ಬಲೆ ಬೆರಳಿಗೆ ಅಂಟಿಕೊಂಡಿತು. ಎರಡು ಚೌಕಟ್ಟುಗಳ ನಡುವೆ ಕಿರುಬೆರಳಾಡಿಸಿದ. ಬೆರಳು ಸಲೀಸಾಗಿ ಆಡಿತು. ಅವಳು ಕೆರೆದು ತೆಗೆದ ಕಡೆಯಲ್ಲೆಲ್ಲ ಉಳಿದಿದ್ದ ಮೇಣದ ಗೆರೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ.

"ಇದನ್ನ ಎಷ್ಟ ಸಲ ತಗದ್ರಿ?"

"ಐದಾರು ಸಲ."

"ಅವು ತಿದ್ದಲಿಕ್ಕೆ ನೋಡ್ಯಾವ್ರಿ," ಎಂದ. "ಮನಿ ದೊಡ್ಡದಾತು ಅಂತ ನಡುವ ಗ್ವಾಡಿ ಹಾಕಿ ತಮ್ಮ ಅಳತಿಗೆ ತಂದಕೊಳ್ಳಾಕ ಹತ್ತಿದ್ವು. ಇದ್ದಷ್ಟ ಜೇನು ತಿಂದು ಮೇಣ ಮಾಡ್ಯಾವ, ಪಾಪ."

ಇಂದೂ ಟೆರೇಸಿನ ಕಟ್ಟೆಯ ಮೇಲೆ ಕೂತಳು. ಇಪ್ಪತ್ತೊಂಬತ್ತು ವರ್ಷ ಕೆಂಪು ಪೆನ್ಸಿಲು ಹಿಡಿದು ಹಾಳೆ ತಿದ್ದಿದವಳಿಗೆ, ಐದಾರು ಸಲ ತನ್ನ ಕಣ್ಣೆದುರೇ ಬರೆದಿಟ್ಟ ತಿದ್ದುಪಡಿಯನ್ನು ಓದಲು ಬಂದಿರಲಿಲ್ಲ. ಓದದೇ ಅದನ್ನು ಕೆರೆದು ಡಬ್ಬಿಗೆ ಹಾಕಿದ್ದಳು.

"ಬೈರಿ ನನಗ," ಎಂದಳು.

"ಬೈದು ಏನ್ ಮಾಡ್ಲಿ?" ಅವನು ಮುಚ್ಚಳ ಮುಚ್ಚಿದ. ಕೈ ಒರೆಸಿಕೊಂಡು ಅವಳಿಂದ ಸ್ವಲ್ಪ ದೂರದಲ್ಲಿ ಕೂತ. "ನನ್ನ ಕಡೇನೂ ತಪ್ಪದ್ರಿ. ನೀವು ಹಾಕೇ ಹಾಕ್ತೀರಿ ಅಂತ ನನಗ ಗೊತ್ತಿತ್ತು. ಸಾಸವಡದಾಗ ನಮ್ಮ ಪರಿಚಯದ ಮುಕ್ತಾಬಾಯಿ ಅದಾರ, ಅವರ ಹೊಲದಾಗ ಹತ್ತು ಪೆಟ್ಟಿಗಿ ಅದಾವ. ಅಲ್ಲಿ ಇಟ್ಟು ಹೋಗಬಹುದಿತ್ತು. ಸಿಟ್ಟಿನಾಗ ಇದ್ದೆ. ಹಾಕ್ಲಿ, ಆಮ್ಯಾಲೆ ತಿಳೀತದ ಅಂತ ಸುಮ್ಮನ ಹೋದೆ. ಹುಳದ ಜೀವದ ಮ್ಯಾಲೆ ನಿಮಗ ಪಾಠ ಕಲಸಾಕ ಹೋದೆ."

ಕೆಳಗೆ ರಸ್ತೆಯಲ್ಲಿ ಯಾರೋ ಸ್ಕೂಟರ್ ಚಾಲೂ ಮಾಡುತ್ತಿದ್ದರು. ಅದು ಚಾಲೂ ಆಗಲೊಲ್ಲದು.

"ಬದುಕ್ಯಾವಂತೀರೇನು?" ಎಂದು ಇಂದೂ ಕೇಳಿದಳು.

"ಹ್ವಾದ್ವು ಅಂದ್ರ ಬದುಕಾಕ ಹ್ವಾದ್ವು," ಎಂದ ಅವಧೂತ. ಅವಳು ಅವನ ಮುಖ ನೋಡಿದಳು. ಅವನು ಗುಡ್ಡದ ಕಡೆ ನೋಡುತ್ತಿರಲಿಲ್ಲ, ತನ್ನ ಕೈಗಳನ್ನು ನೋಡಿಕೊಳ್ಳುತ್ತಿದ್ದ. ಅಷ್ಟು ಸಣ್ಣ ಗುಂಪು, ಹೊಟ್ಟೆಯೊಳಗೆ ಒಂದು ಹನಿ ಜೇನಿಲ್ಲದೆ, ಆ ಬಿಸಿಲಿನಲ್ಲಿ ಎಷ್ಟು ದೂರ ಹೋದೀತು ಎಂದು ಅವಳು ಕೇಳಲಿಲ್ಲ.

ಅವನು ಹೊರಡಲು ಮೂರು ದಿನವಿತ್ತು. ಇಂದೂ ಅವನ ಹಳೆಯ ಪೆಟ್ಟಿಗೆಯ ಅಳತೆಗಳನ್ನು ಅವನಿಂದಲೇ ಕೇಳಿ ಬರೆದುಕೊಂಡಳು. ಹಲಗೆ ಹೆಬ್ಬೆರಳಿನಷ್ಟು ದಪ್ಪ. ಎಂಟು ಚೌಕಟ್ಟು. ಎರಿಯಿಂದ ಎರಿಗೆ ಮೂವತ್ತೊಂದು, ಸಂದು ಎಂಟು. ಹುಳ ಕಡಿಮೆಯಾದ ಕಾಲಕ್ಕೆ ಜಾಗ ಕಿರಿದು ಮಾಡಲು ನಡುವೆ ಇಡುವ ಒಂದು ಅಡ್ಡ ಹಲಗೆ. ಈ ಅಡ್ಡ ಹಲಗೆಯ ವಿಷಯ ಅವಳಿಗೆ ಆಗಲೇ ಗೊತ್ತಾದದ್ದು. ಅವಳ ಪೆಟ್ಟಿಗೆಯಲ್ಲೂ ಅಂಥದೊಂದು ಇಟ್ಟಿದ್ದರೆ ಫೆಬ್ರವರಿಯಲ್ಲೇ ಅರ್ಧ ಉಳಿಯುತ್ತಿದ್ದವು. ಅವಳು ನಿಜ ಹೇಳಿದ್ದರೆ ಒಂದು ಫೋನಿನಲ್ಲಿ, ಎರಡೇ ಮಾತಿನಲ್ಲಿ ಅವನು ಹೇಳಿಬಿಡಬಹುದಾಗಿತ್ತು.

ಚಿತ್ರ ಮುಗಿಸಿ ಮೂಲೆಯಲ್ಲಿ ಹೆಸರು ಬರೆಯುವ ಜಾಗದಲ್ಲಿ 'ರಚನೆ: ಅವಧೂತ ಬಡಿಗೇರ' ಎಂದು ಬರೆದಳು. ಅದರ ಕೆಳಗೆ, ಸಣ್ಣಕ್ಷರದಲ್ಲಿ, 'ಬರೆದವರು: ಇಂದೂ ಹಂಚಿನಾಳ'.

ಸ್ವಾರಗೇಟದ ಬಸ್‌ಸ್ಟ್ಯಾಂಡಿಗೆ ಅವಳೂ ಹೋದಳು. ಬೆಳಗಾವಿಯ ಬಸ್ಸು ಬಂದು ನಿಂತಿತ್ತು. ಹತ್ಯಾರಗಳ ಪೆಟ್ಟಿಗೆಯನ್ನು ಡಿಕ್ಕಿಯಲ್ಲಿ ಹಾಕಿಸಿ ಅವಧೂತ ಬಾಗಿಲ ಬಳಿ ನಿಂತಿದ್ದ. ಅವಳು ಹಾಳೆಯ ಸುರುಳಿ ಕೊಟ್ಟಳು. ಅವನು ಅಲ್ಲೇ ಬಿಚ್ಚಿ, ನೋಡಿ, ಹೆಸರಿನ ಜಾಗ ಓದಿ ಮತ್ತೆ ಸುತ್ತಿದ.

"ಅವತ್ತು ಎಲ್ಲಾರ ಮುಂದ ನಾ ಹಂಗ ಅನಬಾರದಿತ್ತು," ಎಂದಳು ಇಂದೂ. ದಾರಿಯುದ್ದಕ್ಕೂ ಇನ್ನೂ ಬೇರೆ ಮಾತು ಯೋಚಿಸಿಕೊಂಡು ಬಂದಿದ್ದಳು. ಆ ಗದ್ದಲದಲ್ಲಿ ಇಷ್ಟೇ ಬಂತು.

"ಅನ್ನಬಾರದಿತ್ತು ಖರೆ. ಬ್ಯಾಸರ ಆಗಿತ್ತು," ಎಂದ ಅವಧೂತ. "ಆದ್ರ ಅದನ್ನ ಮರೀತೀನ್ರಿ. ಅಷ್ಟು ವರ್ಷ ಕೂಡಿ ಕೆಲಸ ಮಾಡೇವಿ, ಒಂದು ಮಾತು ಬರತದ, ಹೋಗತದ. ಫೋನಿನ್ಯಾಗ ಆರಾಮದಾವ ಅಂದ್ರಲ್ಲ, ಅದು ಹಂಗಲ್ರಿ. ಅಣ್ಣನ ಹಾಸಿಗಿ ಬಾಜೂಕ ಕೂತು, ಒಂದರ ಛಲೋ ನಡದದ ಅಂತ ನಾ ಅದನ್ನ ನಂಬಕೊಂಡಿದ್ದೆ. ಅಣ್ಣಗೂ ಹೇಳತಿದ್ದೆ."

ಇಂದೂ ತಲೆಯಾಡಿಸಿದಳು. ಕಣ್ಣೊರೆಸಿಕೊಳ್ಳಲಿಲ್ಲ, ಒರೆಸಿಕೊಂಡರೆ ಅವನು ಸಮಾಧಾನ ಹೇಳಬೇಕಾಗುತ್ತದೆ ಎಂದು.

"ಊರಾಗ ಪೆಟ್ಟಿಗಿ ಮಾಡತೀರಿ?"

"ನೋಡೋಣ್ರಿ. ಮೊದಲ ಅಣ್ಣಗ ಹಿಡಕೊಂಡು ನಡ್ಯಾಕ ಗ್ವಾಡಿಗೆ ಕಟಿಗಿ ಕೂಡಿಸಬೇಕು. ಪಾಯಖಾನಿತನಕ."

ಕಂಡಕ್ಟರ್ ಕೂಗಿದ. ಅವಧೂತ ಹತ್ತಿ ಕಿಟಕಿಯ ಪಕ್ಕ ಕೂತು, ಸುರುಳಿ ಮಡಿಚದಂತೆ ಕಾಲುಗಳ ನಡುವೆ ನೆಟ್ಟಗೆ ನಿಲ್ಲಿಸಿಕೊಂಡ. "ಬರತೀನ್ರಿ ಬಾಯಾರ. ಬಿಸಲಾಗ ನಿಂದರಬ್ಯಾಡ್ರಿ, ಹೋಗ್ರಿ," ಎಂದ. ಬಸ್ಸು ಹಿಂದೆ ಸರಿದು, ತಿರುಗಿ, ಸಾತಾರಾ ರಸ್ತೆಗೆ ಇಳಿಯಿತು.

ಇಂದೂ ಧನಕವಡಿಯ ಸಿಟಿಬಸ್ಸು ಹಿಡಿದಳು. ಬಸ್ಸಿನಲ್ಲಿ ಅವಳ ಪಕ್ಕ ಕೂತವಳು ಹಳೆಯ ವಿದ್ಯಾರ್ಥಿನಿ, ಕನ್ನಡದವಳೇ. ಈಗ ಯಾವುದೋ ಕಂಪನಿಯಲ್ಲಿದ್ದಾಳಂತೆ. ಸಾತ್ವಿಕ ಹಾಕಿದ್ದ ವಿಡಿಯೋ ನೋ​ಡಿದ್ದಳು. "ಮ್ಯಾಡಮ್, ನಿಮ್ಮ ಗಾಜಿನ ಪೆಟ್ಟಿಗಿ ಭಾಳ ಮಸ್ತ್ ಇತ್ತು. ಹುಳ ಹೆಂಗದಾವ?" ಎಂದು ಕೇಳಿದಳು.

"ಇಲ್ಲ," ಎಂದಳು ಇಂದೂ. "ಹೋದವು. ನಾ ಮಾಡಿದ ಅಳತಿ ತಪ್ಪಿತ್ತು."

ಹುಡುಗಿ ಮೊಬೈಲು ತೆಗೆದಳು. ಇಂದೂ ತನ್ನ ಸ್ಟಾಪು ಬರುವತನಕ ಕಿಟಕಿಯಾಚೆ ನೋಡುತ್ತ ಕೂತಳು.